30 ಮೀಟರ್ ಆಳದ ಮೊದಲ ಡೈವ್: ನಿಮ್ಮ ಹೆದರಿಕೆ ಇರುವುದು 12 ಮೀಟರ್‌ನಲ್ಲಿ

ಪ್ರಶ್ನೆ: ನನಗೆ 34 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಹೋದ ವರ್ಷ ಗಂಡನ ಜೊತೆ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಪ್ಯಾಡಿ ಎಂಬ ಸ್ಕೂಬಾ ಡೈವಿಂಗ್ ತರಬೇತಿ ಸಂಸ್ಥೆಯ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಆಮೇಲೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲೂ ಡೈವ್ ಮಾಡಿದೆವು. ಒಟ್ಟು 9 ಡೈವ್ ಆಗಿದೆ, ಎಲ್ಲವೂ 18 ಮೀಟರ್ ಒಳಗೆ. ಈಗ ಜನವರಿಗೆ ಅಡ್ವಾನ್ಸ್ಡ್ ಕೋರ್ಸಿಗೆ ಹಣ ಕಟ್ಟಿದ್ದೇವೆ. ಅದರಲ್ಲಿ 30 ಮೀಟರ್‌ನ ಡೀಪ್ ಡೈವ್ ಇದೆ. ನೆನೆಸಿಕೊಂಡರೆ ನಿದ್ದೆ ಹಾರಿಹೋಗುತ್ತದೆ. ನಮ್ಮ ಅಪಾರ್ಟ್‌ಮೆಂಟಿಗೆ 10 ಮಹಡಿ. ಅಷ್ಟು ಎತ್ತರದ ನೀರು ಎದೆ ಮೇಲೆ ಕೂತ ಹಾಗೆ ಅನ್ನಿಸುತ್ತದೆ. ಕಿವಿತಮಟೆ ಒಡೆದರೆ? ಗಾಳಿ ಮುಗಿದರೆ? ಆಳದಲ್ಲಿ ಅಮಲು ಏರಿ ಕೆಲವರು ಉಸಿರಾಡಲು ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರನ್ನು ತಾವೇ ಕಿತ್ತು ಬಿಸಾಡುತ್ತಾರಂತೆ, ನಿಜವಾ? ನೇತ್ರಾಣಿಯಲ್ಲಿ ಒಮ್ಮೆ 12 ಮೀಟರ್‌ನಲ್ಲಿ ಮಾಸ್ಕಿಗೆ ನೀರು ನುಗ್ಗಿ, ನಾನು ಮೇಲಕ್ಕೆ ಓಡಲು ನೋಡಿದ್ದೆ. ಗೈಡ್ ಹಿಡಿದು ನಿಲ್ಲಿಸಿದರು. ‘ಏನೂ ಆಗಲ್ಲ, ಸುಮ್ನೆ ಹೆದರ್ಕೋತೀಯ’ ಅನ್ನುತ್ತಾರೆ ನಮ್ಮವರು. ಗೆಳತಿಯೊಬ್ಬಳು ಆತಂಕ ಕಡಿಮೆಯಾಗುವ ಮಾತ್ರೆ ಕೊಡುತ್ತೇನೆ ಅಂದಿದ್ದಾಳೆ. ತೆಗೆದುಕೊಳ್ಳಲಾ? ಇಲ್ಲಾ ಕೋರ್ಸನ್ನೇ ಬಿಟ್ಟುಬಿಡಲಾ? ಡೀಪ್ ಡೈವ್ ಕೊನೆ ದಿನಕ್ಕಿದೆ, ಮಧ್ಯಾಹ್ನ 2ಕ್ಕೆ ಮುಗಿಯುತ್ತದೆ. ಮರುದಿನ ಬೆಳಿಗ್ಗೆ 7ಕ್ಕೆ ಪೋರ್ಟ್ ಬ್ಲೇರ್‌ನಿಂದ ವಿಮಾನ.

ಉತ್ತರ: ನಿಮ್ಮ ಪತ್ರದ ತುಂಬ 30 ಮೀಟರ್ ಇದೆ. ಆದರೆ ನನ್ನ ಕಣ್ಣು ಹೋಗಿ ನಿಂತಿದ್ದು 12 ಮೀಟರ್ ಮೇಲೆ. ಮಾಸ್ಕಿಗೆ ನೀರು ನುಗ್ಗಿದ ಕಥೆಯನ್ನು ಎರಡೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಅನ್ನಿಸುವುದು, ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ. ಅಲ್ಲಿಗೆ ಬರುತ್ತೇನೆ. ಮೊದಲು ಕೇಳಿದ ಪ್ರಶ್ನೆಗಳನ್ನು ಮುಗಿಸೋಣ.

ನಾನು ಹೊನ್ನಾವರ ಕಡೆಯವನು. ನೇತ್ರಾಣಿಯಲ್ಲೂ ಹ್ಯಾವ್‌ಲಾಕ್‌ನಲ್ಲೂ ಡೈವಿಂಗ್ ಕಲಿಸಿದ್ದೇನೆ. ಮೊದಲ ಡೀಪ್ ಡೈವ್‌ಗೆ ಮುಂಚೆ ಹೆದರದವರು ಸಿಕ್ಕಿದ್ದಾರೆ, ಇಲ್ಲ ಅಂತಲ್ಲ. ನಿಜ ಹೇಳಬೇಕೆಂದರೆ ನನಗೆ ಭಯ ಅವರ ಮೇಲೇ ಜಾಸ್ತಿ. ಹೆದರಿದವರು ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ನೋಡುತ್ತಾರೆ, ಹೇಳಿದ ಮಾತು ಕೇಳುತ್ತಾರೆ.

ಎದೆ ಮೇಲಿನ 10 ಮಹಡಿ ನೀರಿನ ವಿಷಯ. ಒಂದು ಖಾಲಿ ನೀರಿನ ಬಾಟಲಿಗೆ ಮುಚ್ಚಳ ಬಿಗಿದು 30 ಮೀಟರ್‌ಗೆ ಒಯ್ದರೆ ಅದು ಹಿಂಡಿದ ಬಟ್ಟೆಯ ಹಾಗೆ ಆಗುತ್ತದೆ. ಅದೇ ಬಾಟಲಿಗೆ ಅಂಚಿನವರೆಗೆ ನೀರು ತುಂಬಿ ಒಯ್ಯಿರಿ, ಏನೂ ಆಗುವುದಿಲ್ಲ. ನಮ್ಮ ಮೈಯ ಬಹುಭಾಗ ಈ ಎರಡನೇ ಬಾಟಲಿ. ಖಾಲಿ ಜಾಗ ಇರುವುದು ಶ್ವಾಸಕೋಶ, ಕಿವಿ, ಸೈನಸ್, ಮಾಸ್ಕಿನ ಒಳಗೆ, ಇಷ್ಟೇ. ಶ್ವಾಸಕೋಶದ ಕೆಲಸವನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಅದು ಕೊಡುತ್ತದೆ. ಒಳಗೂ ಹೊರಗೂ ಸಮ ಆಗಿರುವುದರಿಂದ 30 ಮೀಟರ್‌ನಲ್ಲಿ ಎದೆ ಮೇಲೆ ಭಾರ ಅನ್ನಿಸುವುದಿಲ್ಲ. 18 ಮೀಟರ್‌ನಲ್ಲಿ ನಿಮಗೆ ಅನ್ನಿಸಿತ್ತಾ? ಅಲ್ಲೂ ಆರು ಮಹಡಿ ನೀರಿತ್ತು.

ಕಿವಿಯದ್ದು ಇನ್ನೂ ತಮಾಷೆ. ಜಾಸ್ತಿ ಆಳಕ್ಕೆ ಹೋದಷ್ಟೂ ಕಿವಿಗೆ ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಲೆಕ್ಕ ಉಲ್ಟಾ ಇದೆ. ನೀರಿನ ಮೇಲೆ ಒತ್ತಡ 1, 10 ಮೀಟರ್‌ನಲ್ಲಿ 2, 20ರಲ್ಲಿ 3, 30ರಲ್ಲಿ 4. ಮೊದಲ 10 ಮೀಟರ್‌ನಲ್ಲಿ ಒತ್ತಡ ಎರಡು ಪಟ್ಟು ಆಗುತ್ತದೆ. ಕೊನೆಯ 10 ಮೀಟರ್‌ನಲ್ಲಿ ಏರುವುದು ಮೂರರಲ್ಲಿ ಒಂದು ಭಾಗ. ಅಂದರೆ ಕಿವಿಗೆ ಅತಿ ಕಷ್ಟದ ದಾರಿಯನ್ನು ನೀವು ಈಗಾಗಲೇ 9 ಸಲ ದಾಟಿದ್ದೀರಿ. ನೋವು ಶುರುವಾದ ಮೇಲೆ ಮೂಗು ಹಿಡಿದು ಊದುವುದಲ್ಲ. ಮೀಟರ್‌ಗೊಮ್ಮೆ, ನೋವು ಬರುವ ಮೊದಲೇ, ಮೆತ್ತಗೆ. ಬಿಡಲಿಲ್ಲ ಅಂದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಒತ್ತಿ ಊದಿದಾಗ, ನೆಗಡಿ ಇದ್ದೂ ಇಳಿದಾಗ ಕಿವಿತಮಟೆ ಒಡೆಯುವುದು ನಿಜ. ನೆಗಡಿ ಇದ್ದರೆ ಆ ದಿನ ಡೈವ್ ಇಲ್ಲ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಅದರ ಪರಿಣಾಮ ನೀರಿನೊಳಗೇ ಇಳಿದುಹೋದರೆ, ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಬರಲಾಗದೆ ಒದ್ದಾಡುತ್ತಾರೆ.

ಈಗ ಗಾಳಿ. ಇಲ್ಲಿ ಒಂದು ಪಕ್ಕದ ಮಾತು: ಡೈವಿಂಗ್ ಬಗ್ಗೆ ಬರೆಯುವ ಅನೇಕರು ಈಗಲೂ ‘ಆಮ್ಲಜನಕದ ಸಿಲಿಂಡರ್’ ಅಂತಲೇ ಬರೆಯುತ್ತಾರೆ. ನಿಮ್ಮ ಬೆನ್ನ ಮೇಲಿರುವುದು ಮಾಮೂಲಿ ಗಾಳಿ. 100ರಲ್ಲಿ 21 ಭಾಗ ಆಮ್ಲಜನಕ, ಉಳಿದದ್ದು ಬಹುಪಾಲು ನೈಟ್ರೋಜನ್. ಬರೀ ಆಮ್ಲಜನಕ ತುಂಬಿಕೊಂಡು ಇಳಿದರೆ 6 ಮೀಟರ್ ದಾಟುವುದೇ ಅಪಾಯ.

ಗಾಳಿ ಮುಗಿಯುವ ಭಯ ಸುಳ್ಳಲ್ಲ. 30 ಮೀಟರ್‌ನಲ್ಲಿ ಒಂದೊಂದು ಉಸಿರೂ ಮೇಲಿನ ನಾಲ್ಕು ಉಸಿರಿಗೆ ಸಮ. ಮಾಮೂಲಿ ಸಿಲಿಂಡರಿನಲ್ಲಿ 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದರೆ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. 50 ಬಾರ್ ಮುಟ್ಟದೆ ಇಟ್ಟರೆ ಬಳಸಲು 1,650 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 15 ಲೀಟರ್ ಎಳೆಯುವ ನಿರಾಳ ಮನುಷ್ಯ ಅಲ್ಲಿ 60 ಎಳೆಯುತ್ತಾನೆ. ಅವನಿಗೆ 27 ನಿಮಿಷ ಸಿಗುತ್ತದೆ. ಗಾಬರಿಯಲ್ಲಿ 30 ಲೀಟರ್ ಎಳೆಯುವವನು ಅಲ್ಲಿ 120 ಎಳೆದು, 14 ನಿಮಿಷದೊಳಗೆ ಖಾಲಿ ಮಾಡುತ್ತಾನೆ. ಸಿಲಿಂಡರ್ ಅದೇ, ಸಮುದ್ರ ಅದೇ.

ಹಾಸನದ ಕಡೆಯ ಒಬ್ಬ ಹುಡುಗನ ನೆನಪಾಗುತ್ತದೆ. ಈಜುವುದರಲ್ಲಿ ಹುಲಿ. ಬೋಟಿನಲ್ಲಿ ಎಲ್ಲರಿಗೂ ಧೈರ್ಯ ಹೇಳುತ್ತಿದ್ದ. 24 ಮೀಟರ್‌ನಲ್ಲಿ ಅವನ ಗುಳ್ಳೆಗಳನ್ನು ನೋಡಿದೆ. ನಿರಾಳವಾಗಿರುವವರ ಗುಳ್ಳೆ ಒಂದು ಗೊಂಚಲು ಹೋಗುತ್ತದೆ, ಬಿಡುವು, ಮತ್ತೆ ಒಂದು ಗೊಂಚಲು. ಇವನದ್ದು ಪ್ರೆಶರ್ ಕುಕ್ಕರಿನ ಹಾಗೆ ಒಂದೇ ಸಮ. ಮಾಸ್ಕಿನ ಹಿಂದೆ ಕಣ್ಣು ಅಗಲ ಆಗಿದ್ದವು. ‘ಓಕೆನಾ?’ ಅಂತ ಕೈ ತೋರಿಸಿದರೆ ತಕ್ಷಣ ‘ಓಕೆ’ ಅನ್ನುತ್ತಿದ್ದ. ಗೇಜ್ ಹಿಡಿದು ನೋಡಿದರೆ 80 ಬಾರ್. ಜೊತೆಯವರೆಲ್ಲ 140ರಲ್ಲಿದ್ದರು. ಕರೆದುಕೊಂಡು ಮೇಲೆ ಬಂದೆ. ಬೋಟ್ ಹತ್ತಿ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಸಾರ್, ಇಳಿಯೋಕೆ ಮುಂಚೇನೇ ಭಯ ಇತ್ತು’ ಅಂದ. ಬೋಟಿನ ಮೇಲೆ ಈ ಮಾತು ಹೇಳಿದ್ದರೆ 10 ಮೀಟರ್‌ನಲ್ಲಿ ಎರಡು ನಿಮಿಷ ನಿಂತು, ಉಸಿರು ಹದಕ್ಕೆ ತಂದುಕೊಂಡು ಇಳಿಯುತ್ತಿದ್ದೆವು. ಅಷ್ಟೇ ಬೇಕಿತ್ತು.

ಗಾಬರಿಯಲ್ಲಿ ಉಸಿರು ಸಾಲದು ಅನ್ನಿಸುವುದಕ್ಕೆ ಗಾಳಿ ಕಡಿಮೆಯಾಗಿರುವುದು ಕಾರಣವಲ್ಲ. ಗಿಡ್ಡ ಗಿಡ್ಡ ಉಸಿರು ಎಳೆದಾಗ ಒಳಗಿನ ಇಂಗಾಲದ ಡೈ ಆಕ್ಸೈಡ್ ಪೂರ್ತಿ ಹೊರಹೋಗುವುದಿಲ್ಲ. ಅದು ಸೇರಿದಷ್ಟೂ ಮೆದುಳು ‘ಉಸಿರು ಎಳಿ, ಎಳಿ’ ಅಂತ ಕೂಗುತ್ತದೆ. ಆಳದಲ್ಲಿ ಗಾಳಿ ದಟ್ಟವಾಗಿರುವುದರಿಂದ ಎಳೆಯುವ ಕೆಲಸವೂ ಜಾಸ್ತಿ. ಮದ್ದು ಇರುವುದು ಎಳೆಯುವುದರಲ್ಲಿ ಅಲ್ಲ, ಬಿಡುವುದರಲ್ಲಿ. ಬಿಸಿ ಕಾಫಿ ಆರಿಸುವ ಹಾಗೆ ಉದ್ದಕ್ಕೆ ಬಿಡಿ. ನಾಲ್ಕು ಎಣಿಸುತ್ತಾ ಒಳಗೆ, ಏಳೆಂಟು ಎಣಿಸುತ್ತಾ ಹೊರಗೆ. ಹೊರಗೆ ಹೋದರೆ ಒಳಗೆ ತಾನಾಗಿ ಬರುತ್ತದೆ. ಉಸಿರು ಕಟ್ಟಿ ಹಿಡಿಯುವುದು ಮಾತ್ರ ಯಾವತ್ತೂ ಬೇಡ.

ಅಮಲಿನ ವಿಷಯಕ್ಕೆ ಬರೋಣ. ಒತ್ತಡದಲ್ಲಿ ನೈಟ್ರೋಜನ್ ಅಮಲು ಏರಿಸುತ್ತದೆ. ನೈಟ್ರೋಜನ್ ನಾರ್ಕೋಸಿಸ್ ಅಂತ ಅದರ ಹೆಸರು. ಬೋಟಿನಲ್ಲಿ ನಾವು ‘ನಾರ್ಕ್ ಆಯ್ತು’ ಅನ್ನುತ್ತೇವೆ. ಹೆಚ್ಚಿನವರಿಗೆ 30 ಮೀಟರ್ ಆಸುಪಾಸಿನಲ್ಲಿ ಗೊತ್ತಾಗುತ್ತದೆ. ಕೆಲವರಿಗೆ ಗೊತ್ತೇ ಆಗುವುದಿಲ್ಲ. ರೆಗ್ಯುಲೇಟರ್ ಕಿತ್ತು ಮೀನಿಗೆ ಕೊಟ್ಟರು ಎನ್ನುವಂಥ ಕಥೆಗಳು ತುಂಬ ಆಳಕ್ಕೆ ಗಾಳಿಯಲ್ಲೇ ಹೋದವರ ಬಗ್ಗೆ ಹುಟ್ಟಿದವು. 30 ಮೀಟರ್‌ನಲ್ಲಿ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ, ನಿಮಗೆ ಆಗುವುದೆಂದರೆ ಒಂದು ಪೆಗ್ ಹಾಕಿದವರ ನಿಧಾನ.

ನನ್ನದೇ ಹೇಳುತ್ತೇನೆ. ನನ್ನ ಮೊದಲ ಡೀಪ್ ಡೈವ್ ಹ್ಯಾವ್‌ಲಾಕ್‌ನ ಡಿಕ್ಸನ್ಸ್ ಪಿನಾಕಲ್ ಎಂಬ ಡೈವ್ ಜಾಗದಲ್ಲಿ. 29 ಮೀಟರ್‌ನಲ್ಲಿ ಗುರುಗಳು ಸ್ಲೇಟ್ ಕೊಟ್ಟು 17ಕ್ಕೆ 8 ಕೂಡಿಸು ಅಂದರು. 24 ಅಂತ ಬರೆದೆ. ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದೆ. ಎಳೆದು ಬಹಳ ಜಂಬದಿಂದ ತೋರಿಸಿದೆ. ಗೇಜನ್ನು ಮೂರು ಸಲ ನೋಡಿದ್ದೆ, ಮೂರು ಸಲವೂ ಎಷ್ಟಿತ್ತು ಅನ್ನುವುದು ತಕ್ಷಣ ಮರೆತುಹೋಗಿತ್ತು. ಐದಾರು ಮೀಟರ್ ಮೇಲೆ ಬಂದ ಕೂಡಲೇ ಯಾರೋ ಕನ್ನಡಕ ಒರೆಸಿ ಕೊಟ್ಟ ಹಾಗಾಯಿತು. ಇದರ ಗುಣವೇ ಹಾಗೆ: ಮೇಲೆ ಬಂದರೆ ಇಳಿಯುತ್ತದೆ, ಹ್ಯಾಂಗೋವರ್ ಇಲ್ಲ, ಗಾಯ ಉಳಿಯುವುದಿಲ್ಲ. ಅಪಾಯ ಇರುವುದು ಆ ಹೊತ್ತಿನಲ್ಲಿ ಮಾಡುವ ತಪ್ಪಿನಲ್ಲಿ. ಗೇಜ್ ಮರೆತರೆ, ಜೊತೆಗಾರನನ್ನು ಬಿಟ್ಟು ದೂರ ಹೋದರೆ. ಇನ್ನೊಂದು ಮಾತು. ಎಲ್ಲರಿಗೂ ಇದು ಮಜಾ ಆಗಿ ಬರುವುದಿಲ್ಲ. ಕೆಲವರಿಗೆ ಕಾರಣವಿಲ್ಲದ ದಿಗಿಲಾಗಿ ಬರುತ್ತದೆ, ಏದುಸಿರು ಬಿಟ್ಟರೆ ಇನ್ನೂ ಜಾಸ್ತಿ. ಆದ್ದರಿಂದ ಕೆಳಗೆ ದಿಢೀರನೆ ‘ಏನೋ ಸರಿ ಇಲ್ಲ’ ಅನ್ನಿಸಿದರೆ ಅದರ ಜೊತೆ ವಾದ ಮಾಡಬೇಡಿ. ಕೈ ಅಲ್ಲಾಡಿಸಿ ತೋರಿಸಿ, ನಾಲ್ಕೈದು ಮೀಟರ್ ಮೇಲೆ ಬನ್ನಿ.

ಇಷ್ಟು ನೀವು ಕೇಳಿದ್ದು. ನೀವು ಕೇಳದೇ ಇದ್ದದ್ದು ಎರಡಿವೆ.

ಒಂದು, ಇಳಿಯುತ್ತಾ ಹೋದಂತೆ ತೇಲಲು ಗಾಳಿ ತುಂಬುವ ನಿಮ್ಮ ಜಾಕೆಟ್ಟಿನ ಗಾಳಿ ಕುಗ್ಗುತ್ತದೆ, ಮೈಗೆ ಹಾಕಿದ ವೆಟ್‌ಸೂಟ್ ತೆಳುವಾಗುತ್ತದೆ. ಹಾಗಾಗಿ ನೀವು ತಾನಾಗಿ ಭಾರವಾಗಿ ಬೇಗ ಬೇಗ ಮುಳುಗುತ್ತೀರಿ. 18 ಮೀಟರ್‌ಗಿಂತ ಕೆಳಗೆ ಇದು ಗೊತ್ತಾಗದೆ ಹೆದರುವವರು ಬಹಳ. ‘ಏನೋ ಎಳೀತಿತ್ತು’ ಅನ್ನುತ್ತಾರೆ. ಏನೂ ಎಳೆಯುತ್ತಿರಲಿಲ್ಲ. ಸ್ವಲ್ಪ ಸ್ವಲ್ಪ ಗಾಳಿ ಜಾಕೆಟ್ಟಿಗೆ ಹಾಕುತ್ತಾ ಹೋಗಬೇಕಿತ್ತು.

ಎರಡು, ಸಮಯ. 30 ಮೀಟರ್‌ಗೆ ಪ್ಯಾಡಿಯ ಟೇಬಲ್ ಕೆಳಗಿರಲು ಕೊಡುವುದು 20 ನಿಮಿಷ, ಅದೂ ಇಳಿಯಲು ಹಿಡಿದ ಸಮಯ ಸೇರಿಸಿ. 18 ಮೀಟರ್‌ಗೆ 56 ನಿಮಿಷ ಇತ್ತು. ಆಳ, ಸಮಯದ ಲೆಕ್ಕ ಇಡುವ ನಿಮ್ಮ ಡೈವ್ ಕಂಪ್ಯೂಟರ್ ಇನ್ನೂ ಕಡಿಮೆ ತೋರಿಸಬಹುದು, ಆಗ ಅದರ ಮಾತೇ ಕೊನೆ. ಒತ್ತಡದಲ್ಲಿ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ, ಬೇಗ ಮೇಲೆ ಬಂದರೆ ಗುಳ್ಳೆಯಾಗುತ್ತದೆ. ಗೋಲಿ ಸೋಡಾ ನೆನೆಸಿಕೊಳ್ಳಿ. ಗೋಲಿ ಒಳಗೆ ತಳ್ಳುವವರೆಗೂ ಗುಳ್ಳೆ ಕಾಣುವುದಿಲ್ಲ, ಟಪ್ ಅಂದ ಕೂಡಲೇ ಉಕ್ಕುತ್ತದೆ. ನಿಮ್ಮ ಗೋಲಿಯನ್ನು ಮೆಲ್ಲಗೆ ತೆಗೆಯಬೇಕು. ನಿಮಿಷಕ್ಕೆ 9 ಮೀಟರ್‌ಗಿಂತ ಬೇಗ ಏರದೆ, 5 ಮೀಟರ್‌ನಲ್ಲಿ 3 ನಿಮಿಷ ನಿಂತು. ಅಲ್ಲಿಗೆ 30 ಮೀಟರ್‌ನಿಂದ ಮನೆ ಸೇರಲು ಆರೇಳು ನಿಮಿಷ. ಒಂದೇ ಉಸಿರಿಗೆ ಮೇಲೆ ಹೋಗಿಬಿಡುವ ಯೋಚನೆಗೆ ಇಲ್ಲಿ ಜಾಗವಿಲ್ಲ. ನಿಮ್ಮ ಎರಡನೇ ಸಿಲಿಂಡರ್ ಅಂದರೆ ನಿಮ್ಮ ಬಡ್ಡಿ (ಸಾಲದ ಬಡ್ಡಿಯಲ್ಲ, ಜೊತೆಗಾರ). ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವರು ಇರಬೇಕು.

ಈಗ ಮಾಸ್ಕ್. ಮೂಗಿಗೆ ದಿಢೀರನೆ ನೀರು ತಗುಲಿದರೆ ದೇಹ ಉಸಿರು ಕಟ್ಟುತ್ತದೆ, ‘ಮುಳುಗುತ್ತಿದ್ದೇನೆ’ ಅಂತ ತೀರ್ಮಾನ ಮಾಡುತ್ತದೆ. ಬಾಯಲ್ಲಿ ರೆಗ್ಯುಲೇಟರ್ ಇದೆ ಅನ್ನುವುದು ಅದಕ್ಕೆ ನೆನಪಿರುವುದಿಲ್ಲ. ಇದು ಪುಕ್ಕಲುತನ ಅಲ್ಲ, ಹುಟ್ಟುಗುಣ. ಆದರೆ ಉಸಿರು ಕಟ್ಟಿಕೊಂಡು ಮೇಲಕ್ಕೆ ಓಡಿದರೆ, 12 ಮೀಟರ್‌ನಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಶ್ವಾಸಕೋಶ ಹರಿಯಲು ಅಷ್ಟು ಸಾಕು. ನಿಮ್ಮ ಗೈಡ್ ಹಿಡಿದು ನಿಲ್ಲಿಸಿದ್ದು ಅದಕ್ಕೆ. ಸಿಕ್ಕಾಗ ಅವರಿಗೆ ಒಂದು ಥ್ಯಾಂಕ್ಸ್ ಹೇಳಿ.

ಈ ಹುಟ್ಟುಗುಣವನ್ನು ಪಳಗಿಸಬಹುದು, ಅದೂ ಮನೆಯಲ್ಲೇ. ಸ್ನಾನದ ಮನೆಯಲ್ಲಿ ಅಗಲವಾದ ಟಬ್ಬಿಗೆ ನೀರು ತುಂಬಿ. ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಬಾಯಲ್ಲಿ ಕಚ್ಚಿಕೊಳ್ಳಿ, ಮಾಸ್ಕ್ ಬೇಡ. ಮುಖವನ್ನು ಮೂಗು ಮುಳುಗುವಷ್ಟು ಇಳಿಸಿ ಬಾಯಿಂದ ಉಸಿರಾಡಿ. ಮನೆಯವರು ಯಾರಾದರೂ ಪಕ್ಕದಲ್ಲಿರಲಿ. ಮೊದಲ ದಿನ ಮೂರು ಉಸಿರಿಗೆ ಎದ್ದು ಕೆಮ್ಮುತ್ತೀರಿ. ವಾರ ಕಳೆಯುವಷ್ಟರಲ್ಲಿ ಎರಡು ನಿಮಿಷ ಕೂತಿರುತ್ತೀರಿ. ಮೂಗಿನಲ್ಲಿ ನೀರಿದ್ದರೂ ಬಾಯಿ ತನ್ನ ಕೆಲಸ ಮಾಡುತ್ತದೆ ಅನ್ನುವುದು ತಲೆಗಲ್ಲ, ಮೈಗೆ ತಿಳಿಯಬೇಕು. ಆಮೇಲೆ ಬೆಂಗಳೂರಿನಲ್ಲೇ ಒಂದು ಪೂಲ್ ಸೆಷನ್ ಮಾಡಿ. ಮಾಸ್ಕ್ ಪೂರ್ತಿ ತೆಗೆದು ಒಂದು ನಿಮಿಷ ಉಸಿರಾಡಿ, ಹಾಕಿಕೊಂಡು, ಮೂಗಿನಿಂದ ಊದಿ ನೀರು ಖಾಲಿ ಮಾಡುವುದು. ಬೇಜಾರಾಗುವವರೆಗೂ ಮಾಡಿ. ಬೇಜಾರು ಬಂತು ಅಂದರೆ ಹೆದರಿಕೆ ಹೋಯಿತು ಅಂತ ಲೆಕ್ಕ.

ಮಾತ್ರೆ ಬೇಡ. ಗೆಳತಿಗೆ ಬರೆದುಕೊಟ್ಟದ್ದು ನಿಮಗಲ್ಲ, ಅದು ಮೊದಲ ಮಾತು. ಮಂಪರು ತರುವ ಮಾತ್ರೆಯ ಮೇಲೆ ನೈಟ್ರೋಜನ್ನಿನ ಅಮಲು ಸೇರಿದರೆ ಎರಡೂ ಒಂದಕ್ಕೊಂದು ಕೂಡುತ್ತವೆ. ಎದೆಬಡಿತ ತಗ್ಗಿಸುವ ಮಾತ್ರೆಗಳು ನೀರಿನಲ್ಲಿ ಬೇರೆ ತೊಂದರೆ ಕೊಡಬಲ್ಲವು. ನೆಲದ ಮೇಲೂ ನಿಮಗೆ ಪ್ಯಾನಿಕ್ ಅಟ್ಯಾಕ್ ಬರುತ್ತಿದ್ದರೆ, ಆಸ್ತಮಾ ಇದ್ದರೆ, ಕೋರ್ಸಿನ ಆರೋಗ್ಯ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಡಾಕ್ಟರ್ ಸಹಿ ಆದ ಮೇಲೆ ಮುಂದಿನ ಮಾತು.

ಬಿಡಬೇಕಾ, ಹೋಗಬೇಕಾ? ನಡುವೆ ಒಂದು ದಾರಿ ಇದೆ, ಅದನ್ನು ಯಾರೂ ನಿಮಗೆ ಹೇಳಿದ ಹಾಗಿಲ್ಲ. ನಿಮ್ಮ ಕೋರ್ಸಿನ ಡೀಪ್ ಡೈವ್ 30 ಮೀಟರ್ ಮುಟ್ಟಲೇಬೇಕು ಅಂತಿಲ್ಲ. 18ಕ್ಕಿಂತ ಆಳ, 30ಕ್ಕಿಂತ ಜಾಸ್ತಿ ಅಲ್ಲ, ಇಷ್ಟೇ ನಿಯಮ. 22 ಮೀಟರ್ ಕೂಡ ಡೀಪ್ ಡೈವೇ. ಇನ್‌ಸ್ಟ್ರಕ್ಟರಿಗೆ ಈಗಲೇ ಫೋನ್ ಮಾಡಿ ಮಾಸ್ಕಿನ ಕಥೆ ಪೂರ್ತಿ ಹೇಳಿ. ತೇಲುವಿಕೆ ಹಿಡಿತಕ್ಕೆ ತರುವ ಡೈವ್ ಮೊದಲು ಇರಲಿ, ಡೀಪ್ ಡೈವ್ ಆಮೇಲೆ. ಇಳಿಯುವಾಗ ಹಿಡಿಯಲು ಹಗ್ಗ ಇರಲಿ, ಖಾಲಿ ನೀಲಿಯಲ್ಲಿ ಇಳಿಯುವುದಕ್ಕಿಂತ ಅದು ಎಷ್ಟೋ ವಾಸಿ. ಸ್ವಲ್ಪ ದುಡ್ಡು ಜಾಸ್ತಿ ಆದರೂ ನಿಮಗೊಬ್ಬರೇ ಇನ್‌ಸ್ಟ್ರಕ್ಟರ್ ಸಿಕ್ಕರೆ ಒಳ್ಳೆಯದು. ಇಷ್ಟಕ್ಕೆಲ್ಲ ‘ಅಯ್ಯೋ ಏನಾಗಲ್ಲ ಬನ್ನಿ’ ಅನ್ನುವವರಾದರೆ ಬೇರೆಯವರನ್ನು ನೋಡಿ. ಟಬ್ಬಿನ ಅಭ್ಯಾಸ ಡಿಸೆಂಬರ್ ಕೊನೆಗೂ ಕೈಗೂಡದಿದ್ದರೆ ಡೀಪ್ ಡೈವ್ ಮುಂದಕ್ಕೆ ಹಾಕಿ. ಡಿಕ್ಸನ್ಸ್ ಎಲ್ಲೂ ಓಡಿಹೋಗುವುದಿಲ್ಲ.

ಇಳಿದ ಮೇಲೂ ಹೆಬ್ಬೆರಳು ನಿಮ್ಮದೇ. ನೀರಿನಲ್ಲಿ ಹೆಬ್ಬೆರಳು ಮೇಲೆ ಮಾಡಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಕೊಡದೆ ತೋರಿಸಬಹುದು. ನಿಮ್ಮ ಯಜಮಾನರಿಗೆ ಇದನ್ನು ಓದಿಸಿ. ‘ಏನೂ ಆಗಲ್ಲ’ ಅನ್ನುವುದರ ಬದಲು, ‘ನೀನು ಹೆಬ್ಬೆರಳು ತೋರಿಸಿದರೆ ನಾನೂ ಮೇಲೆ ಬರ್ತೀನಿ, ಆಮೇಲೆ ಅದರ ಬಗ್ಗೆ ಮಾತೆತ್ತಲ್ಲ’ ಅಂತ ಅವರು ಒಂದು ಮಾತು ಕೊಟ್ಟರೆ ನಿಮ್ಮ ಅರ್ಧ ಗಾಳಿ ಉಳಿಯುತ್ತದೆ.

ಕೊನೆಗೆ, ನಿಮ್ಮ ಟಿಕೆಟ್. ಮಧ್ಯಾಹ್ನ 2ರಿಂದ ಬೆಳಿಗ್ಗೆ 7ಕ್ಕೆ 17 ಗಂಟೆ ಆಗುತ್ತದೆ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ ಮೇಲೆ, ಮೈಯಲ್ಲಿ ಉಳಿದ ನೈಟ್ರೋಜನ್ ಹೊರಹೋಗಿ ವಿಮಾನ ಹತ್ತಲು ಕಡಿಮೆ ಅಂದರೆ 18 ಗಂಟೆ ಬೇಕು. ಡೀಪ್ ಡೈವನ್ನು ಒಂದು ದಿನ ಮುಂಚೆ ಹಾಕಿಸಿಕೊಂಡು, ಕೊನೆ ದಿನ ರಾಧಾನಗರ ಬೀಚಿನಲ್ಲಿ ಎಳನೀರು ಕುಡಿಯುತ್ತಾ ಕೂತುಕೊಳ್ಳಿ.